ಅಲ್ಲೋನ್ ಬಾಕೂತ್‌ನ ಹೆಬ್ಬಲಸು

ಸೀತು ಬುಟ್ಟಿ ಮಗುಚಿದಳು. ಮಣ್ಣಿನ ಜೊತೆ ಒಂದು ತಲೆಬುರುಡೆ ಉರುಳಿ ಬಂದು ಅವಳ ಕಾಲ ಬಳಿ ನಿಂತಿತು.

ಅವಳು ಕಿರುಚಲಿಲ್ಲ. ಕಿರುಚಿದವರು ಮೇಲೆ ಹಾರೆ ಹಿಡಿದು ನಿಂತಿದ್ದ ಗಂಡಸರು. ಸೀತು ತಲೆಯ ಸಿಂಬೆಯ ಬಟ್ಟೆ ಬಿಚ್ಚಿ ಬುರುಡೆಯ ಮೇಲೆ ಹೊದೆಸಿದಳು. "ಪಾಪ, ಯಾರೋ ಮಲಗಿದ್ದವರನ್ನು ಎಬ್ಬಿಸಿದೆವು" ಎಂದಳು.

ಅದು ಸಾವಿರದ ಒಂಬೈನೂರ ಅರವತ್ತೆರಡನೆಯ ಇಸವಿ. ಮಾರ್ಚ್ ತಿಂಗಳ ಒಂದು ಸೋಮವಾರ. ಇಚಿಲಂಪಾಡಿಯಲ್ಲಿ ಡೇವಿಸ್ ರಬ್ಬರ್ ಸಸಿ ಇಡಲೆಂದು ಗುಡ್ಡದ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಸುತ್ತಿದ್ದ. ಅವನ ಅಪ್ಪ ಚಾಂಡಿ ಹದಿನೈದು ವರ್ಷ ಹಿಂದೆ ಕೇರಳದಿಂದ ಬಂದು ಕಾಡು ಕಡಿದು ಮಾಡಿದ ಭೂಮಿ ಅದು. ಚಾಂಡಿ ತೀರಿಕೊಂಡು ವರ್ಷವಾಗಿತ್ತು. ಗುಡ್ಡದಲ್ಲಿ ಉಳಿದ ದೊಡ್ಡ ಮರ ಒಂದೇ, ಒಂದು ಹೆಬ್ಬಲಸು. ಮೂರನೆಯ ಮೆಟ್ಟಿಲು ಅದರ ಬುಡಕ್ಕೆ ತಲುಪಿದಾಗ ಬುರುಡೆ ಹೊರಗೆ ಬಂತು.

ಕಡಬ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಕುಶಾಲಪ್ಪ ಗುಡ್ಡ ಹತ್ತಿ ಬರುವಾಗ ಹೊತ್ತು ವಾಲಿತ್ತು. ಸುಳ್ಯ ಕಡೆಯ ಗೌಡರ ಮನೆಯವನು. ಮೂವತ್ತೊಂದು ವರ್ಷದ ನೌಕರಿ. ಎರಡು ಮೊಣಕಾಲುಗಳೂ ಅವನಿಗಿಂತ ಮೊದಲೇ ನಿವೃತ್ತಿ ತೆಗೆದುಕೊಂಡಿದ್ದವು. ನೌಕರಿಯಲ್ಲಿ ಉಳಿದ ಎಂಟು ತಿಂಗಳು ಹೆಣ ತೋರಿಸಬೇಡ ಎಂದು ಅವನು ಬೆಳಗಿನ ದೀಪ ಹಚ್ಚುವಾಗ ದೇವರನ್ನು ಕೇಳಿಕೊಳ್ಳುತ್ತಿದ್ದ. ದೇವರಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಬೇರೆ ಆಲೋಚನೆ ಇತ್ತೋ.

"ಯಾರದ್ದಾಗಿರಬಹುದು ಸೀತು?" ಎಂದು ಕೇಳಿದ.

"ಯಾರಿಗೆ ಗೊತ್ತು ಸಾಮಿ! ಈ ಕೇರಳದವರೆಲ್ಲ ಬಂದ ಹೊಸತರಲ್ಲಿ ಚಳಿಜ್ವರದಲ್ಲಿ ಎಷ್ಟು ಜನ ಸತ್ತರು! ಗಂಡಸೋ ಹೆಂಗಸೋ, ಬುರುಡೆ ನೋಡಿ ಹೇಳುದುಂಟಾ?"

ಅಷ್ಟರಲ್ಲಿ ಡೇವಿಸ್ ಮುಂದೆ ಬಂದ. ಮೂವತ್ತರ ಹತ್ತಿರದ ಗಟ್ಟಿ ಆಳು. ಮುಖ ಬೆವರಿತ್ತು.

"ಇದು ನಮ್ಮ ಮರಿಯಾಮ್ಮನದ್ದು ಸಾರ್. ಅಮ್ಮನ ತವರಿಂದ ಬಂದ ಹಳೇ ಕೆಲಸದವಳು. ಒಂಬತ್ತು ವರ್ಷದ ಹಿಂದೆ ಊರಿಗೆ ಅಂತ ಹೊರಟವಳು ಮತ್ತೆ ಬರ್ಲಿಲ್ಲ. ಆಗ ಕಾಣಿಯೂರಿನ ಮೂಸಕುಂಞಿ ಬಟ್ಟೆ ಗಂಟು ಹೊತ್ತು ಇಲ್ಲಿಗೆ ಬರ್ತಾ ಇದ್ದ. ಅವಳ ಕಿವಿಯ ಚಿನ್ನವನ್ನು ಪುತ್ತೂರಿನ ಅಕ್ಕಸಾಲಿಗನಿಗೆ ಮಾರಿದ್ದು ಅವನೇ. ಆ ಅಕ್ಕಸಾಲಿಗನೇ ಆಮೇಲೆ ನನಗೆ ಹೇಳಿದ್ದು, ಬೇಕಾದ್ರೆ ಕೇಳಿ."

"ಆಗಲೇ ಯಾಕೆ ಹೇಳ್ಲಿಲ್ಲ?"

"ಅವಳೇ ಮಾರಿಸಿದ್ದು ಅಂತ ಎಣಿಸಿದೆವು. ಹೀಗೆ ಅಂತ ಯಾರಿಗೆ ಗೊತ್ತು?"

ಕುಶಾಲಪ್ಪ ಹಾರೆಗಳನ್ನೆಲ್ಲ ಕೆಳಗಿಡಿಸಿದ. ತಾನೇ ಕೂತು ತೆಂಗಿನ ಗೆರಟೆಯಿಂದ ಮಣ್ಣನ್ನು ಕೆರೆದು ತೆಗೆದ. ಒಂದು ಗಂಟೆಯ ಹೊತ್ತಿಗೆ ಉಳಿದ ಎಲುಬುಗಳು ಕಂಡವು. ಹೊಂಡ ಆಳುದ್ದ ಇತ್ತು. ಬೆನ್ನು ನೆಲಕ್ಕೆ. ಕೈಗಳು ಎದೆಯ ಮೇಲೆ ಒಂದರ ಮೇಲೊಂದು. ತಲೆ ಇದ್ದ ಕಡೆ ಒಂದು ಚಪ್ಪಟೆ ಕಲ್ಲು, ದಿಂಬಿನ ಹಾಗೆ. ತಲೆಯ ಕಡೆಯಲ್ಲಿ ಸೂರ್ಯ ಮುಳುಗುತ್ತಿದ್ದ.

ಬುರುಡೆಯನ್ನು ಎತ್ತಿ ನೋಡಿದ. ಎಡ ಕಪಾಲದಲ್ಲಿ ಬಿರುಕು. ಬಿರುಕಿನ ಒಳಗೂ ಮಣ್ಣಿನ ಬಣ್ಣ ಇಳಿದಿತ್ತು. ಇವತ್ತಿನ ಹಾರೆಯ ಪೆಟ್ಟಲ್ಲ, ಹಳೆಯದು.

"ಇಷ್ಟು ಒಳ್ಳೆ ಮರ ನಿನ್ನ ಅಪ್ಪ ಯಾಕೆ ಉಳಿಸಿದ್ರು ಡೇವಿಸಣ್ಣ?"

"ಮುಟ್ಲಿಕ್ಕೆ ಬಿಡ್ಲಿಲ್ಲ. ಈಗ ಅಮ್ಮನದ್ದೂ ಅದೇ ಹಟ. ಜಗಳ ಮಾಡಿಯೇ ನಾನು ಹಾರೆ ಹಾಕಿಸಿದ್ದು."

ಆ ಅಮ್ಮ, ಅಚ್ಚಾಮ್ಮ, ಕೆಳಗೆ ಮನೆಯ ಜಗಲಿಯಲ್ಲಿ ಕೇರಳದ ಕ್ರೈಸ್ತ ಹೆಂಗಸರು ಉಡುವ ಬಿಳಿ ಮುಂಡು ಚಟ್ಟೆಯಲ್ಲಿ ಕೂತಿದ್ದರು. ಊರಿಗೆ ಊರೇ ಗುಡ್ಡ ಹತ್ತಿ ಬಂದಿತ್ತು. ಅವರು ಮಾತ್ರ ಬಂದಿರಲಿಲ್ಲ.

ಇಳಿಯುವಾಗ ಕುಶಾಲಪ್ಪ ಗೇಟಿನ ಮೇಲಿನ ಹಲಗೆ ನೋಡಿದ. ಮಲಯಾಳದಲ್ಲಿ ಕೆತ್ತಿದ್ದನ್ನು ಡೇವಿಸ್ ಓದಿ ಹೇಳಿದ: ಅಲ್ಲೋನ್ ಬಾಕೂತ್. ಕೆಳಗೆ 1953.

"ಇದು ಎಂತ ಹೆಸರು?"

"ಕೇರಳದ ಯಾವುದೋ ಊರಿನದ್ದು ಇರ್ಬೇಕು. ನಾನು ಕೇಳ್ಲಿಲ್ಲ" ಎಂದ ಡೇವಿಸ್.

"ಮನೆ ಕಟ್ಟಿದ್ದು ಐವತ್ಮೂರರಲ್ಲಾ?"

"ಅಲ್ಲ, ನಲ್ವತ್ತೆಂಟರಲ್ಲಿ."

* * *

ಮಂಗಳವಾರ ಮೂಸಕುಂಞಿಯನ್ನು ಹಿಡಿದು ತಂದರು. ಅಕ್ಕಸಾಲಿಗ ಅವನ ಗುರುತು ಹೇಳಿದ. ಚಿನ್ನ ಮಾರಿದ್ದು ಹೌದೆಂದು ಮೂಸಕುಂಞಿಯೇ ಒಪ್ಪಿದ. ಕೋರ್ಟು ಅವನನ್ನು ಸೋಮವಾರದವರೆಗೆ ಠಾಣೆಯ ವಶಕ್ಕೆ ಕೊಟ್ಟಿತು. ಸೋಮವಾರ ಕೊಲೆಯ ಕೇಸು ಹಾಕಿ ಮಂಗಳೂರಿನ ಜೈಲಿಗೆ ಕಳಿಸುವುದಿತ್ತು. ಬುಧವಾರ ಪುತ್ತೂರಿನ ಡಾಕ್ಟರರ ವರದಿ ಬಂತು: ಹೆಂಗಸು, ವಯಸ್ಸು ಅರವತ್ತರ ಮೇಲೆ, ಭಾರದ ವಸ್ತುವಿನಿಂದ ತಲೆಗೆ ಪೆಟ್ಟು.

ಗುರುವಾರ ಕುಶಾಲಪ್ಪ ಲಾಕಪ್ಪಿನ ಕಂಬಿಯ ಹೊರಗೆ ಸ್ಟೂಲು ಹಾಕಿ ಕೂತ. ಮೂಸಕುಂಞಿಗೆ ಐವತ್ತು ದಾಟಿತ್ತು. ಗಂಟು ಹೊತ್ತು ಹೊತ್ತು ಒಂದು ಭುಜ ಇಳಿದಿತ್ತು.

"ಚಿನ್ನ ನಿನಗೆ ಕೊಟ್ಟದ್ದು ಯಾರು?"

ಮೂಸಕುಂಞಿ ಕಂಬಿಯ ತುಕ್ಕನ್ನು ಉಗುರಿನಿಂದ ಕೆರೆದ.

"ಬಾಯಲ್ಲಿ ಎಂತ, ವೀಳ್ಯ ಉಂಟಾ?"

"ಇದ್ದಿದ್ರೆ ಆಗ್ತಿತ್ತು ಸಾರ್. ಎರಡು ದಿನದಿಂದ ಬಾಯಿ ಅಂಗಡಿ ಮುಚ್ಚಿದ ಹಾಗೆ ಆಗಿದೆ."

"ತಮಾಷೆ ಬೇಡ ಮಾರಾಯ. ನೇಣು ಅಂದ್ರೆ ಗೊತ್ತುಂಟಾ? ಹೊರಗೆ ನಿನ್ನ ಹೆಂಡತಿ ಕಾಣಿಯೂರಿನಿಂದ ನಡೆದು ಬಂದು ಗಂಜಿ ಹಿಡ್ಕೊಂಡು ಕೂತಿದ್ದಾಳೆ."

ಮೂಸಕುಂಞಿ ತಲೆ ತಗ್ಗಿಸಿದ. "ಒಬ್ಬರಿಗೆ ಮಾತು ಕೊಟ್ಟಿದ್ದೇನೆ ಸಾರ್. ಅವರು ಬದುಕಿದ್ದಾರೆ. ಹೇಳುದಿದ್ರೆ ಅವರೇ ಹೇಳ್ತಾರೆ. ನಾನು ಹೇಳುದಲ್ಲ."

ಕುಶಾಲಪ್ಪ ಸ್ಟೂಲನ್ನು ಕಂಬಿಯ ಹತ್ತಿರಕ್ಕೆ ಎಳೆದ. ಆಮೇಲೆ ಕೇಳಿದ: "ನಿಮ್ಮಲ್ಲಿ ಸತ್ತವರನ್ನು ಮಲಗಿಸುದು ಹೇಗೆ?"

"ತಲೆ ಬಡಗಿಗೆ, ಕಾಲು ತೆಂಕಿಗೆ. ಬಲ ಮಗ್ಗುಲಿಗೆ ತಿರುಗಿಸಿ ಮುಖ ಪಡುವಣಕ್ಕೆ, ಮಕ್ಕದ ಕಡೆಗೆ."

"ಬೇರೆ ಜಾತಿಯವರಾದ್ರೆ?"

"ನನಗೆ ಬೇರೆ ಕ್ರಮ ಗೊತ್ತಿಲ್ಲ ಸಾರ್. ಯಾಕೆ?"

ಕುಶಾಲಪ್ಪ ಸ್ಟೂಲಿನಿಂದ ಎದ್ದ. ಒಳಗೆ ಹೋಗಿ ಸಬ್ ಇನ್ಸ್‌ಪೆಕ್ಟರರ ಮೇಜಿನ ಎದುರು ನಿಂತ. ಅವರು ಹೊಸಬರು, ಚುರುಕಿನವರು.

"ಸಾರ್, ಎಲುಬು ಇದ್ದದ್ದು ತಲೆ ಪಡುವಣಕ್ಕೆ, ಕಾಲು ಮೂಡಕ್ಕೆ. ಸೀತುವಿನವರು ಹೂತರೆ ತಲೆ ತೆಂಕಿಗೆ. ಮೂಸಕುಂಞಿಯವರದ್ದು ಬಡಗಿಗೆ. ಕಾಲು ಮೂಡಕ್ಕೆ ಹಾಕುದು ಕ್ರೈಸ್ತರು. ಕಡೆಯ ದಿನ ಎದ್ದು ಕೂತರೆ ಮುಖ ಸೂರ್ಯ ಹುಟ್ಟುವ ಕಡೆಗೆ ಇರ್ಬೇಕು ಅಂತ ಅವರ ನಂಬಿಕೆ."

"ಅವಳು ಕ್ರೈಸ್ತಳು. ಹಾಗೆ ಹೂತಿರಬೇಕು."

"ಕೊಂದು ಓಡುವವ ತಲೆಗೆ ಕಲ್ಲಿನ ದಿಂಬು ಇಡ್ತಾನಾ ಸಾರ್? ಆ ಗಟ್ಟಿ ಮಣ್ಣಿನಲ್ಲಿ ಆಳುದ್ದ ಹೊಂಡ ತೋಡಲಿಕ್ಕೆ ಇಬ್ಬರಿಗೆ ಅರ್ಧ ದಿನ ಬೇಕು. ಮನೆಯಿಂದ ಕೂಗಿದರೆ ಕೇಳುವ ಜಾಗ ಅದು."

"ಹಾಗಾದ್ರೆ ಮನೆಯವರೇ ಅಂತೀರಾ? ಮನೆಯವರೇ ಹೂತಿದ್ರೆ ಡೇವಿಸ್ ಅಲ್ಲಿಗೇ ಆಳು ಕರೆದು ಹಾರೆ ಹಾಕಿಸ್ತಾನಾ?"

ಕುಶಾಲಪ್ಪ ಟೊಪ್ಪಿಯನ್ನು ಕೈಯಲ್ಲಿ ತಿರುಗಿಸಿದ. ಸಬ್ ಇನ್ಸ್‌ಪೆಕ್ಟರರು ಮೃದುವಾಗಿಯೇ ಹೇಳಿದರು: "ನೀವು ದಣಿದಿದ್ದೀರಿ ಕುಶಾಲಪ್ಪ. ಸೋಮವಾರ ಕಾಗದ ಹೋಗಲಿ."

ದಣಿದದ್ದು ನಿಜ. ಆದರೆ ಠಾಣೆಯ ಜಗಲಿಯಲ್ಲಿ ಮೂಸಕುಂಞಿಯ ಹೆಂಡತಿ ಗಂಜಿಯ ಪಾತ್ರೆಗೆ ಸೆರಗು ಮುಚ್ಚಿ ಕೂತಿದ್ದಳು. ಅವನು ದಾಟಿ ಹೋಗುವಾಗ ಎದ್ದು ನಿಂತಳು. ಏನೂ ಕೇಳಲಿಲ್ಲ. ಕೇಳಿದ್ದರೆ ಸುಲಭವಿತ್ತು.

* * *

ಆ ಹಲಗೆಯ ಹೆಸರು ಕುಶಾಲಪ್ಪನ ತಲೆಯಲ್ಲಿ ಕೂತಿತ್ತು. ಕಡಬದ ಪೇಟೆಯಲ್ಲಿ ಸಿಕ್ಕಿದ ಕೇರಳದವರನ್ನೆಲ್ಲ ಕೇಳಿದ. ಅಂಥ ಊರು ಯಾರಿಗೂ ಗೊತ್ತಿಲ್ಲ. "ಬೈಬಲಿನದ್ದು ಇರಬಹುದು" ಎಂದ ಒಬ್ಬ, ಅನುಮಾನದಲ್ಲೇ.

ಶುಕ್ರವಾರ ಬೆಳಗಿನ ಬಸ್ಸಿಗೆ ಪುತ್ತೂರಿಗೆ ಹೋದ. ಅಲ್ಲಿ ಇಮ್ಮಾನುವೇಲ್ ಉಪದೇಶಿಗಳಿದ್ದರು. ಎಂಬತ್ತರ ಮುದುಕರು. ನಲವತ್ತು ವರ್ಷ ಹಳ್ಳಿ ಹಳ್ಳಿ ತಿರುಗಿ ಕ್ರೈಸ್ತರ ವೇದ ಓದಿ ಹೇಳಿದವರು. ಈಗ ಕಣ್ಣು ಮಂಜು. ಅಂಗಳದಲ್ಲಿ ಚಾಪೆ ಹಾಕಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಪೊಲೀಸರು ಬೈಬಲ್ ಹುಡುಕಿಕೊಂಡು ಬಂದ್ರಾ! ಲೋಕಾಂತ್ಯ ಹತ್ತಿರ ಬಂತು ಅಂತಾಯ್ತು ಮಾರಾಯ್ರೆ. ಕೂತ್ಕೊಳ್ಳಿ. ಬರೀ ಕೂತ್ರೆ ಆಗುದಿಲ್ಲ, ಹುಣಸೆ ಬಿಡಿಸ್ಬೇಕು."

ಕುಶಾಲಪ್ಪ ಟೊಪ್ಪಿ ತೆಗೆದಿಟ್ಟು ಹುಣಸೆಗೆ ಕೈ ಹಾಕಿದ. ಹೆಸರು ಹೇಳಿದ.

ಮುದುಕರ ಕೈ ನಿಂತಿತು. "ಅಲ್ಲೋನ್ ಬಾಕೂತ್? ಮನೆಗೆ ಆ ಹೆಸರು ಇಟ್ಟಿದ್ದಾರಾ?"

"ಗೇಟಿಗೆ ಕೆತ್ತಿ ಹಾಕಿದ್ದಾರೆ."

"ಬೇತೇಲ್ ಅಂತ ಇಡ್ತಾರೆ, ಸಾಲೇಮ್ ಅಂತ ಇಡ್ತಾರೆ. ಇದನ್ನು ಯಾರೂ ಇಡುದಿಲ್ಲ. ವೇದದಲ್ಲಿ ಒಂದೇ ಒಂದು ಸಲ ಬರುವ ಹೆಸರು. ಎಷ್ಟೋ ಪಾದ್ರಿಗಳಿಗೂ ನೆನಪಿರ್ಲಿಕ್ಕಿಲ್ಲ." ಅವರು ಕಣ್ಣು ಮುಚ್ಚಿ ಹೇಳಿದರು. "ಇಬ್ರಿಯರ, ಅಂದ್ರೆ ಯೆಹೂದ್ಯರ ಮಾತು. ಗೋಳಾಟದ ಮರ ಅಂತ ಅರ್ಥ. ರೆಬೆಕ್ಕ ಅಂತ ಒಬ್ಬಳು. ದೂರದ ದೇಶಕ್ಕೆ ಮದುವೆಯಾಗಿ ಹೋಗುವಾಗ ಅವಳ ಜೊತೆಗೆ ತವರಿಂದ ಒಬ್ಬಳು ದಾದಿ ಹೊರಟಳು. ಹೆಸರು ದೆಬೋರ. ಎಷ್ಟೋ ವರ್ಷ ಕಳೆದು, ರೆಬೆಕ್ಕಳ ಮಗ ಯಾಕೋಬ ಮನೆಮಂದಿ ಕಟ್ಟಿಕೊಂಡು ಬೇತೇಲಿನ ಹತ್ತಿರ ಇಳಿದಿದ್ದಾಗ ಆ ದಾದಿ ಸತ್ತಳು. ಒಂದು ದೊಡ್ಡ ಮರದ ಅಡಿಯಲ್ಲಿ ಹೂತರು. ಮರಕ್ಕೆ ಆ ಹೆಸರಾಯಿತು. ಅಷ್ಟೇ ಕಥೆ."

"ಅಷ್ಟೇಯಾ?"

"ಅಷ್ಟೇ. ಆದ್ರೆ ನನಗೆ ಅದು ಸಣ್ಣ ಕಥೆ ಅಂತ ಯಾವತ್ತೂ ಅನಿಸ್ಲಿಲ್ಲ. ಯಜಮಾನಿ ರೆಬೆಕ್ಕ ಯಾವಾಗ ಸತ್ತಳು, ಯಾರು ಅತ್ತರು ಅಂತ ವೇದ ಹೇಳುದಿಲ್ಲ. ಕೆಲಸದವಳು ಸತ್ತದ್ದು ಹೇಳ್ತದೆ. ಎತ್ತಿ ಆಡಿಸಿದ ಕೈಗಳನ್ನು ದೇವರು ಮರೀಲಿಲ್ಲ." ಉಪದೇಶಿಗಳು ಕಣ್ಣು ತೆರೆದರು. "ಆ ಮನೆಯಲ್ಲಿ ತವರಿಂದ ದಾದಿ ಕರ್ಕೊಂಡು ಬಂದವರು ಯಾರಾದ್ರೂ ಇದ್ರಾ?"

ಕುಶಾಲಪ್ಪನ ಕೈಯಲ್ಲಿ ಹುಣಸೆ ಹಾಗೆಯೇ ಉಳಿಯಿತು.

ಕಡಬದ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಕೂತವನಿಗೆ ಎಲ್ಲವೂ ಸಾಲಾಗಿ ನಿಂತಿತು. ಹೂತವರು ಯಾರೆಂದು ಗೊತ್ತಾಯಿತು. ಕೊಂದವನು ಯಾರೆಂದೂ ಗೊತ್ತಾಯಿತು. ಪತ್ತೆ ಹಚ್ಚಿದ ಖುಷಿ ಮಾತ್ರ ಬರಲಿಲ್ಲ. ಆ ಬಸ್ಸು ಎಲ್ಲಾದರೂ ಕೆಟ್ಟು ನಿಂತರೆ ಸಾಕಿತ್ತು ಅನಿಸಿತು.

* * *

ಶನಿವಾರ ಬೆಳಿಗ್ಗೆ ಅವನು ಇಬ್ಬರು ಕಾನ್‌ಸ್ಟೇಬಲರನ್ನು ಗೇಟಿನ ಹೊರಗೆ ನಿಲ್ಲಿಸಿ ಜಗಲಿಗೆ ಬಂದ. ಅಚ್ಚಾಮ್ಮ ಅದೇ ಜಾಗದಲ್ಲಿ ಕೂತಿದ್ದರು. ಡೇವಿಸ್ ಒಳಗಿನಿಂದ ಬಂದ.

"ಬನ್ನಿ ಸಾರ್. ಕಾಫಿ?"

"ಬೇಡ. ಕೂತ್ಕೊ ಡೇವಿಸಣ್ಣ. ಅಮ್ಮ, ಗೇಟಿನ ಹೆಸರು ಇಟ್ಟದ್ದು ನೀವಲ್ವಾ?"

ಅಚ್ಚಾಮ್ಮ ಮುಖ ಎತ್ತಿದರು.

"ನಿನ್ನೆ ಪುತ್ತೂರಿಗೆ ಹೋಗಿ ಕೇಳಿದೆ. ತವರಿಂದ ಬಂದ ದಾದಿಯನ್ನು ಹೂತ ಮರದ ಹೆಸರು ಅದು. ಮನೆ ಕಟ್ಟಿದ್ದು ನಲ್ವತ್ತೆಂಟರಲ್ಲಿ. ಹಲಗೆ ಕೆತ್ತಿಸಿದ್ದು ಐವತ್ಮೂರರಲ್ಲಿ. ಮರಿಯಾಮ್ಮ ಊರಿಗೆ ಹೋದಳು ಅಂತ ನೀವು ಹೇಳಿದ ವರ್ಷ. ಅವಳು ಊರಿಗೆ ಹೋಗ್ಲಿಲ್ಲ, ಮರದಡಿಯಲ್ಲಿ ಇದ್ದಾಳೆ ಅಂತ ನಿಮಗೆ ಆಗಲೇ ಗೊತ್ತಿತ್ತು. ಕಾಲು ಮೂಡಕ್ಕೆ ಹಾಕಿ, ಕೈ ಜೋಡಿಸಿ, ತಲೆಗೆ ಕಲ್ಲಿಟ್ಟು ಮಲಗಿಸಿದ್ದು ನೀವೇ."

ಡೇವಿಸ್ ಎದ್ದ. "ಎಂತ ಸಾರ್ ನೀವು ಹೇಳುದು? ಅಮ್ಮನ ಮೇಲೆಯಾ..."

"ಹೂತದ್ದು ಹೇಳಿದೆ. ಕೊಂದದ್ದು ಹೇಳ್ಲಿಲ್ಲ. ಎರಡನ್ನೂ ಒಬ್ಬನೇ ಮಾಡಿದ ಅಂತ ಎಣಿಸಿ ನಾವೆಲ್ಲ ದಾರಿ ತಪ್ಪಿದ್ದು." ಕುಶಾಲಪ್ಪ ಮೊಣಕಾಲು ತಿಕ್ಕಿಕೊಂಡ. "ಸೋಮವಾರ ನಾನು ಬಂದಾಗ ಮೇಲೆ ಇದ್ದದ್ದು ಒಂದು ಬುರುಡೆ ಮಾತ್ರ. ಅದು ಹೆಂಗಸಿನದ್ದು ಅಂತ ಡಾಕ್ಟರು ಹೇಳಿದ್ದು ಬುಧವಾರ. ಸೀತು ಚಳಿಜ್ವರದಲ್ಲಿ ಸತ್ತವರು ಯಾರೋ ಅಂದಳು. ಈ ಗುಡ್ಡದಲ್ಲಿ ಯಾರಿಗಾದ್ರೂ ಮೊದಲು ಬರುವ ಯೋಚನೆ ಅದೇ. ನೀನು ಮಾತ್ರ ಒಂದು ನಿಮಿಷ ನಿಲ್ಲದೆ ಮರಿಯಾಮ್ಮ ಅಂದಿ. ಅವಳು ಸತ್ತದ್ದು ನಿನಗೆ ಗೊತ್ತಿತ್ತು ಡೇವಿಸಣ್ಣ. ಎಲ್ಲಿ ಹೂತದ್ದು ಅಂತ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಅಲ್ಲಿಗೆ ಹಾರೆ ಹಾಕಿಸ್ತಿರ್ಲಿಲ್ಲ. ಸತ್ತದ್ದು ಗೊತ್ತಿದ್ದು ಹೂತದ್ದು ಗೊತ್ತಿಲ್ಲದವನು ಯಾರು? ಹೊಡೆದು ಓಡಿಹೋದವನು. ಮಗನನ್ನು ಉಳಿಸ್ಲಿಕ್ಕೆ ನಿನ್ನ ಅಪ್ಪ ಅಮ್ಮ ಹೂತರು. ಒಂಬತ್ತು ವರ್ಷ ನೀನು ಕೇಳ್ಲಿಲ್ಲ, ಅವರು ಹೇಳ್ಲಿಲ್ಲ."

ಡೇವಿಸ್ ಗುಡ್ಡದ ಕಡೆ ನೋಡಿದ, ಆಮೇಲೆ ಗೋಡೆಯ ಮೇಲಿದ್ದ ಚಾಂಡಿಯ ಪಟದ ಕಡೆ.

"ಅಪ್ಪ ಮಾಡಿರ್ಬೇಕು" ಎಂದ. "ಅಪ್ಪನಿಗೆ ಸಿಟ್ಟು ಜಾಸ್ತಿ. ನಾನು ಆಗ ಊರಲ್ಲೇ ಇರ್ಲಿಲ್ಲ. ಸತ್ತವರ ಮೇಲೆ ಹೇಳ್ಬಾರ್ದು ಅಂತ ಸುಮ್ಮನಿದ್ದೆ."

"ಡೇವಿಸೇ."

ಅಚ್ಚಾಮ್ಮನ ದನಿ ದೊಡ್ಡದಾಗಿರಲಿಲ್ಲ. ಮಲಯಾಳ ಬೆರೆತ ಕನ್ನಡದಲ್ಲಿ ನಿಧಾನವಾಗಿ ಮಾತಾಡಿದರು.

"ತಪ್ಪನ್ನು ನೀನು ಆ ಬಟ್ಟೆಯವನ ಮೇಲೆ ಹಾಕಿದಿ. ಐದು ದಿನ ನಾನು ಬಾಯಿ ಮುಚ್ಚಿದೆ. ದಿನಾ ಬೆಳಿಗ್ಗೆ ಠಾಣೆಗೆ ಹೋಗ್ತೇನೆ ಅಂತ ಎದ್ದೆ. ನಿನ್ನ ಮುಖ ನೋಡಿದೆ, ಕೂತೆ. ಈಗ ನಿನ್ನ ಅಪ್ಪನ ಮೇಲೆ ಹಾಕ್ತೀಯಾ? ಹೊಂಡ ತೋಡಿ ಅವರ ಅಂಗೈಯ ತೊಗಲು ಎದ್ದು ಹೋಯಿತು. ಆಮೇಲೆ ಎಂಟು ವರ್ಷ ಬದುಕಿದ್ದರು. ನಿನ್ನನ್ನು ಒಂದು ಮಾತು ಕೇಳ್ಲಿಲ್ಲ."

ಅವರು ಕುಶಾಲಪ್ಪನ ಕಡೆ ತಿರುಗಿದರು.

"ಇವನು ಕುಡಿದು ಬಂದಿದ್ದ. ಮರಿಯಾಮ್ಮ ಬಾಗಿಲಿಗೆ ಅಡ್ಡ ನಿಂತು ಇವನ ಕಿವಿ ಹಿಂಡಿದಳು, ಚಿಕ್ಕವನಿದ್ದಾಗ ಹಿಂಡ್ತಿದ್ದ ಹಾಗೆಯೇ. ಗೋಡೆಗೆ ಒರಗಿಸಿದ ಒನಕೆ ಇತ್ತು. ಒಂದೇ ಪೆಟ್ಟು. ಇವನು ಓಡಿದ. ನನ್ನ ಅಣ್ಣನ ಮನೆಯಲ್ಲಿ ಆರು ತಿಂಗಳು ಇದ್ದು ಬಂದ. ನನ್ನ ಮದುವೆಯ ದಿನ ನನ್ನ ಪೆಟ್ಟಿಗೆ ಹೊತ್ತು ಹಿಂದೆ ನಡೆದು ಬಂದವಳು ಅವಳು. ಇವನನ್ನು ಹೆತ್ತಾಗ ನನಗಿಂತ ಮೊದಲು ಎತ್ತಿಕೊಂಡವಳು. ಪಾದ್ರಿ ಇಲ್ಲ, ಗಂಟೆ ಇಲ್ಲ. ನಾನೇ ಪ್ರಾರ್ಥನೆ ಹೇಳಿದೆ. ಕಲ್ಲು ನೆಡುವ ಹಾಗಿಲ್ಲ, ಹೆಸರು ಬರೆಯುವ ಹಾಗಿಲ್ಲ. ಅದಕ್ಕೆ ವೇದದಿಂದ ಹುಡುಕಿ ಆ ಹೆಸರು ತೆಗೆದೆ."

"ಕಿವಿಯ ಚಿನ್ನ?"

"ನಮ್ಮ ಅಪ್ಪ ಅವಳಿಗೆ ಕೊಟ್ಟದ್ದು. ಮೂಸಕುಂಞಿಯ ಕೈಗೆ ಕೊಟ್ಟೆ. ಮಾರಿ ಅವಳ ತಂಗಿಗೆ ತಲುಪಿಸು, ಯಾರಿಗೂ ಹೇಳ್ಬೇಡ ಅಂದೆ. ತಲುಪಿಸಿ ಬಂದು ನನಗೆ ಹೇಳಿದ. ಅವಳಿಗೆ ಎಂತ ಆಯ್ತು ಅಂತ ಅವನು ಕೇಳ್ಲಿಲ್ಲ."

ಡೇವಿಸ್ ಕೆಳಗೆ ಕೂತುಬಿಟ್ಟಿದ್ದ. "ಅಮ್ಮಚ್ಚಿ" ಎಂದ. ಅಚ್ಚಾಮ್ಮ ಅವನ ತಲೆಯ ಮೇಲೆ ಕೈ ಇಟ್ಟರು. ಆಮೇಲೆ ಕೈ ತೆಗೆದು, ಒಳಗೆ ಹೋಗಿ, ಅವನ ಒಗೆದ ಶರಟು ಒಂದು ತಂದು ಕುಶಾಲಪ್ಪನಿಗೆ ಕೊಟ್ಟರು.

"ಹಾಕಿಕೊಂಡದ್ದರ ಮೇಲೆಲ್ಲ ಮಣ್ಣಾಗಿದೆ" ಎಂದರು.

* * *

ಕಡಬಕ್ಕೆ ಬರುವಾಗ ಮಧ್ಯಾಹ್ನ ಕಳೆದಿತ್ತು. ಸಬ್ ಇನ್ಸ್‌ಪೆಕ್ಟರರು ಹೇಳಿಕೆ ಓದಿದರು. ಎರಡನೆಯ ಸಲ ಓದಿದರು. ಪುತ್ತೂರಿನ ಕೋರ್ಟಿಗೆ ಕಾಗದ ಬರೆದು, "ಅವನನ್ನು ಹೊರಗೆ ಕೂರಿಸಿ. ಸೋಮವಾರ ಕೋರ್ಟಿನಲ್ಲಿ ಬಿಡಿಸುವ" ಎಂದರು.

ಕುಶಾಲಪ್ಪ ಬೀಗ ತೆಗೆದ. ಮೂಸಕುಂಞಿ ನಮಾಜು ಮುಗಿಸಿ ಕೂತಿದ್ದ.

"ಏಳು ಮಾರಾಯ. ನಿನ್ನದೇನೂ ಇಲ್ಲ ಅಂತ ಗೊತ್ತಾಯ್ತು. ಹೆಂಡತಿ ಹೊರಗಿದ್ದಾಳೆ."

ಮೂಸಕುಂಞಿ ಏಳಲಿಲ್ಲ. "ಅಚ್ಚಾಮ್ಮಕ್ಕ ಬಂದ್ರಾ?"

"ಬರ್ಲಿಲ್ಲ. ನಾನೇ ಹೋದೆ. ಅವರೇ ಹೇಳಿದ್ರು. ಡೇವಿಸ್ ಆಚೆ ಕೋಣೆಯಲ್ಲಿದ್ದಾನೆ."

"ಅವರೇ ಹೇಳಿದ್ರಾ? ಮಗನ ಎದುರೇ?"

"ಹೌದು."

ಮೂಸಕುಂಞಿ ಇಳಿದ ಭುಜವನ್ನು ಗೋಡೆಗೆ ಒರಗಿಸಿದ.

"ಮಗನೇ ಮಾಡಿದ್ದು ಅಂತ ನನಗೆ ಒಂಬತ್ತು ವರ್ಷದ ಹಿಂದೆಯೇ ಸಂಶಯ ಉಂಟು ಸಾರ್. ಮುದುಕಿಯೂ ಮನೆಯಲ್ಲಿಲ್ಲ, ಮಗನೂ ಇಲ್ಲ, ಅವಳ ಚಿನ್ನ ಮಾತ್ರ ನನ್ನ ಕೈಗೆ ಬಂತು. ಮಂಗಳವಾರ ನಾನೇ ಬಾಯಿ ಬಿಟ್ಟಿದ್ರೆ, ಯಾರೋ ಬ್ಯಾರಿ ಹೇಳಿ ಮಗ ಸಿಕ್ಕಿಬಿದ್ದ ಅಂತಾಗ್ತಿತ್ತು. ಅವರು ನನಗೆ ಶಾಪ ಹಾಕಿಕೊಂಡಾದ್ರೂ ಬದುಕ್ತಿದ್ರು. ಅವರಿಗೆ ಒಳ್ಳೇದಾಗ್ಲಿ ಅಂತ ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದು ಈಗ ಹೆತ್ತವಳ ಬಾಯಿಯಿಂದಲೇ ಹೇಳಿಸಿದ ಹಾಗಾಯ್ತು."

ಕುಶಾಲಪ್ಪ ಮೆಲ್ಲನೆ 'ಅಬ್ಬ' ಎನ್ನುತ್ತ ನೆಲಕ್ಕೆ ಇಳಿದು, ತೆರೆದ ಕಂಬಿ ಬಾಗಿಲಿನ ಒಳಗೆ ಅವನ ಪಕ್ಕ ಕೂತ. ಹೊರಗಿನಿಂದ ಮೂಸಕುಂಞಿಯ ಹೆಂಡತಿ ಇಣುಕಿ, ಇಬ್ಬರನ್ನೂ ನೋಡಿ, ಗಂಜಿಯನ್ನು ಎರಡು ಪಾಲು ಮಾಡಿ ಬಡಿಸಿದಳು.